ಮಷಿನ್ ಬಿಟ್ಟು ಏಳಲಾಗದ ಮಧ್ಯಾಹ್ನ

ವಿಧಾನಸಭೆ ಚುನಾವಣೆ ಬಂತೆಂದರೆ ಹುಕ್ಕೇರಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಒಮ್ಮೆಲೇ ಕಾಯಿಲೆ ಶುರುವಾಗುತ್ತದೆ. ಒಬ್ಬರಿಗೆ ಬಿ.ಪಿ., ಇನ್ನೊಬ್ಬರಿಗೆ ಮಂಡಿನೋವು, ಮತ್ತೊಬ್ಬರ ಅತ್ತೆಗೆ ಸರಿಯಾಗಿ ಅದೇ ವಾರ ಕಣ್ಣಿನ ಆಪರೇಷನ್. ರಾಜ್ಯವನ್ನು ಮುಂದೆ ಯಾರು ಆಳಬೇಕೆಂದು ಜನ ತೀರ್ಮಾನಿಸುವ ದಿನ, ಆ ತೀರ್ಮಾನದ ಪೆಟ್ಟಿಗೆಯನ್ನು ಕಾಯುತ್ತ ಕೂಡುವವರು ಹೆಚ್ಚಾಗಿ ನಾವೇ, ಮಾಸ್ತರುಗಳು ಮತ್ತು ಗುಮಾಸ್ತರು. ಹೇಳಿಕೊಳ್ಳುವಂಥ ಕಾಯಿಲೆ ನನಗೆ ಯಾವತ್ತೂ ಇರಲಿಲ್ಲ. ಹಾಗಾಗಿ ಪ್ರತಿ ಸಲವೂ ಹೋಗಿದ್ದೇನೆ. ನಾನು ಹೇಳಹೊರಟಿರುವ ಚುನಾವಣೆಯಲ್ಲಿ ನನ್ನನ್ನು ಪ್ರಿಸೈಡಿಂಗ್ ಆಫೀಸರ್ ಮಾಡಿದ್ದರು. ಅಂದರೆ ಒಂದು ಮತಗಟ್ಟೆಯ ಪೂರ್ತಿ ಜವಾಬ್ದಾರಿ ನನ್ನದು. ಅಲ್ಲಿ ಏನೇ ಎಡವಟ್ಟಾದರೂ ಮೊದಲು ಕೇಳುವುದು ನನ್ನನ್ನೇ.

ಮತದಾನದ ಹಿಂದಿನ ದಿನ ಮೂಡಲಗಿಯಲ್ಲಿ ನಮ್ಮನ್ನೆಲ್ಲ ಸೇರಿಸಿದ್ದರು. ಮೇ ತಿಂಗಳ ಬಿಸಿಲು. ಶಾಮಿಯಾನದ ಕೆಳಗೆ ಗಾಳಿ ಆಡುತ್ತಿರಲಿಲ್ಲ. ಮೈಕಿನಲ್ಲಿ ಮತಗಟ್ಟೆಗಳ ಸಂಖ್ಯೆ ಕೂಗುತ್ತಿದ್ದರು, ಒಂದೊಂದು ತಂಡ ಎದ್ದುಹೋಗಿ ತನ್ನ ಮಷಿನ್ನು, ಶಾಯಿ, ಅರಗು ಎಲ್ಲ ತೆಗೆದುಕೊಂಡು ಬರುತ್ತಿತ್ತು. ನನ್ನ ತಂಡದಲ್ಲಿ ಇಬ್ಬರು ಗಂಡಸರು: ನಿವೃತ್ತಿ ಹತ್ತಿರ ಬಂದ ಒಬ್ಬ ಗುಮಾಸ್ತರು, ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರು. ಮೂರನೆಯವಳು ಕೊಣ್ಣೂರಿನ ಒಬ್ಬ ಟೀಚರ್. ನನ್ನ ಮಗಳ ವಯಸ್ಸು. ಸೆರಗನ್ನು ಅಗಲವಾಗಿ ಹೊದ್ದುಕೊಂಡಿದ್ದರೂ ಹೊಟ್ಟೆ ಕಾಣುತ್ತಿತ್ತು.

"ಎಷ್ಟರಾಗ ಐತವ್ವಾ?" ಎಂದು ಕೇಳಿದೆ.

"ಆರು ತುಂಬಿ ಏಳರಾಗ ಬಿದ್ದಾವ್ರಿ ಮೇಡಂ."

"ಮತ್ತ ಅರ್ಜಿ ಕೊಡಬೇಕಿಲ್ಲೋ? ನಿನಗ ಡ್ಯೂಟಿ ಹೆಂಗ ಹಾಕಿದ್ರು?"

"ಕೊಟ್ಟೇನ್ರಿ. ನಿಮ್ಮನ್ನ ಬಿಡತೇವಿ ಅಂತ ಫೋನಿನ್ಯಾಗ ಹೇಳಿದ್ರು. ಇಲ್ಲಿ ನೋಡಿದ್ರ ಹೆಸರು ಕೂಗಿದ್ರು."

ನಾನು ಅವಳನ್ನು ಕರೆದುಕೊಂಡು ಕೌಂಟರಿಗೆ ಹೋದೆ. ಅಲ್ಲಿ ಕೂತಿದ್ದವರ ಮುಖ ಬೆಳಗಿನಿಂದ ಜಗಳವಾಡಿ ದಣಿದಿತ್ತು. ಬದಲಿ ಸಿಬ್ಬಂದಿ ಎಲ್ಲ ಖರ್ಚಾಗಿದ್ದಾರೆ, ಸಂಜೆಯೊಳಗೆ ಒಬ್ಬರನ್ನು ನಿಮ್ಮ ಹಳ್ಳಿಗೇ ಕಳಿಸುತ್ತೇವೆ, ಬಂದ ಕೂಡಲೇ ಇವರು ಮನೆಗೆ ಹೋಗಬಹುದು ಎಂದರು. "ಇರ್ಲಿ ಬಿಡ್ರಿ ಮೇಡಂ, ಡಾಕ್ಟ್ರು ಎಲ್ಲಾ ಚಲೋ ಐತಿ ಅಂದಾರ" ಎಂದು ಅವಳೇ ನನ್ನ ಕೈ ಹಿಡಿದು ಎಳೆದಳು. ಬಸ್ಸು ಹೊರಟಿತು. ಬದಲಿಯವರು ಸಂಜೆಗೂ ಬರಲಿಲ್ಲ, ಮರುದಿನ ಬೆಳಿಗ್ಗೆಯೂ ಬರಲಿಲ್ಲ.

ನಮ್ಮ ಮತಗಟ್ಟೆ ಇದ್ದದ್ದು ಮಸಗುಪ್ಪಿ ದಾಟಿ ಕಬ್ಬಿನ ಹೊಲಗಳ ನಡುವೆ ಒಳಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಅದರ ಹೆಸರು ನಾನು ಬರೆಯುವುದಿಲ್ಲ. ಸರಕಾರಿ ಶಾಲೆಯ ಒಂದು ಕೋಣೆ ಮತಗಟ್ಟೆ. ಅದಕ್ಕೆ ಅಂಟಿಕೊಂಡ ಇನ್ನೊಂದು ಕೋಣೆ ಖಾಲಿ. ಬಸ್ಸು ನಮ್ಮನ್ನು ಇಳಿಸಿ ಹೋಯಿತು, ಮರುದಿನ ಸಂಜೆ ಬರುವುದಾಗಿ ಹೇಳಿ.

ಬೆಳಿಗ್ಗೆ ಪಕ್ಷಗಳ ಏಜೆಂಟರು ಬಂದರು. ಲೆಕ್ಕಕ್ಕೆ ಬರುವವರು ಇಬ್ಬರೇ. ಒಬ್ಬರು ಕಬ್ಬು ಬೆಳೆಯುವ ರೈತರು. ಐವತ್ತು ದಾಟಿದವರು, ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಎದುರು ಪಕ್ಷದ ಏಜೆಂಟ ಅದೇ ಊರಿನ ಟೇಲರ್. ನಲವತ್ತರ ಆಸುಪಾಸಿನ, ತೆಳ್ಳನೆಯ ಮುಸ್ಲಿಂ ಗಂಡಸು. ಇಬ್ಬರ ಮನೆಗಳೂ ಒಂದೇ ಓಣಿಯಲ್ಲಿ. ರೈತರು ತೊಟ್ಟಿದ್ದ ಅಂಗಿಯನ್ನು ಹೊಲಿದವನೂ ಅವನೇ ಎಂದು ಆಮೇಲೆ ತಿಳಿಯಿತು. ಆದರೆ ಆ ಚುನಾವಣೆಯಲ್ಲಿ ಅವರಿಬ್ಬರ ನಡುವೆ ಮಾತು ನಿಂತಿತ್ತು. ಆ ಕ್ಷೇತ್ರದಲ್ಲಿ ಪೈಪೋಟಿ ಅಷ್ಟು ಬಿಗಿಯಾಗಿತ್ತು. ಹಳ್ಳಿ ಹಳ್ಳಿಯಲ್ಲೂ ಅಣ್ಣತಮ್ಮಂದಿರೇ ಬೇರೆ ಬೇರೆ ಬಾವುಟ ಹಿಡಿದಿದ್ದರು.

ಬೆಳಗಿನಿಂದಲೇ ತಕರಾರು ಶುರುವಾಯಿತು. ಕಣ್ಣು ಕಾಣದ ಒಬ್ಬ ಅಜ್ಜನನ್ನು ಮೊಮ್ಮಗ ಕರೆದುಕೊಂಡು ಬಂದರೆ ಟೇಲರ್ ಎದ್ದು ನಿಂತ. ಮುಖ ಮುಚ್ಚಿಕೊಂಡು ಬಂದ ಹೆಣ್ಣುಮಗಳನ್ನು ಗುರುತು ಹಿಡಿಯುವುದು ಹೇಗೆಂದು ರೈತರು ಎದ್ದು ನಿಂತರು. ಗೋಡೆಯ ಕಡೆ ಕರೆದು ಕೊಣ್ಣೂರಿನ ಟೀಚರ್ ಮುಖ ನೋಡಿ ಬರುತ್ತಿದ್ದಳು, "ಬರೋಬರಿ ಐತ್ರಿ" ಎನ್ನುತ್ತಿದ್ದಳು, ಅಲ್ಲಿಗೆ ಆ ವಾದ ಮುಗಿಯುತ್ತಿತ್ತು. ಒಳ್ಳೆಯ ಕೆಲಸಗಾರ್ತಿ. ಬೆರಳಿಗೆ ಶಾಯಿ ಹಚ್ಚುವುದು, ಸಹಿ ಹಾಕಿಸಿಕೊಳ್ಳುವುದು ಅವಳ ಪಾಲು. ಒಬ್ಬೊಬ್ಬ ಮುದುಕಿಯ ಕೈ ಹಿಡಿದಾಗಲೂ ಏನಾದರೊಂದು ಮಾತಾಡಿಸುತ್ತಿದ್ದಳು. ಹೊರಗೆ ಹೆಂಗಸರ ಸಾಲು ಗಂಡಸರ ಸಾಲಿಗಿಂತ ಉದ್ದವಿತ್ತು.

ಮಧ್ಯಾಹ್ನ ಊಟದ ಡಬ್ಬಿ ತೆರೆಯಲೂ ಪುರಸೊತ್ತಿರಲಿಲ್ಲ. ಅವಳು ಮಾತಾಡಿಸುವುದನ್ನು ನಿಲ್ಲಿಸಿದ್ದನ್ನು ನಾನು ಗಮನಿಸಿದ್ದೆ. ಸೆಕೆಗೆ ದಣಿದಿದ್ದಾಳೆ ಎಂದುಕೊಂಡು ನೀರು ಕೊಡಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಶಾಯಿಗಾಗಿ ಕೈ ಚಾಚಿ ನಿಂತಿದ್ದ ಒಬ್ಬ ಮುದುಕಿ ನನ್ನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: "ಅಕ್ಕಾರ, ಈ ಹುಡುಗಿಗೆ ಏನೋ ಆಗಾಕತ್ತೈತಿ ನೋಡ್ರಿ. ಕೈ ಥಣ್ಣಗ ಆಗ್ಯಾವ."

ನಾನು ಹತ್ತಿರ ಹೋದೆ. ಅವಳು ಒಂದು ಕೈಯಲ್ಲಿ ಶಾಯಿಯ ಕಡ್ಡಿ ಹಿಡಿದಿದ್ದಳು. ಇನ್ನೊಂದು ಕೈ ಕೊರಳಿನ ಲಿಂಗದ ಕರಡಿಗೆಯನ್ನು ಸೆರಗಿನ ಮೇಲಿಂದಲೇ ಬಿಗಿಯಾಗಿ ಮುಷ್ಟಿ ಮಾಡಿ ಹಿಡಿದಿತ್ತು. ಹಣೆಯ ಬೆವರು ಗಲ್ಲಕ್ಕೆ ಇಳಿಯುತ್ತಿತ್ತು.

"ಮೇಡಂ," ಎಂದಳು ನನಗೆ ಮಾತ್ರ ಕೇಳುವಂತೆ, "ನನಗ ಏಳಾಕ ಆಗವಲ್ದು. ಕುರ್ಚಿ ನೋಡ್ರಿ."

ನೋಡಿದೆ. ಕುರ್ಚಿಯ ಅಂಚಿನಿಂದ ರಕ್ತ ನೆಲಕ್ಕೆ ಸೋರಿತ್ತು.

ನಾನು ಎರಡು ಹೆತ್ತವಳು. ಏಳನೆಯ ತಿಂಗಳಲ್ಲಿ ಹಾಗೆ ರಕ್ತ ಹೋಗಬಾರದು ಎಂಬುದು ಗೊತ್ತಿತ್ತು, ಮುಂದೆ ಏನು ಮಾಡಬೇಕೆಂಬುದು ಗೊತ್ತಿರಲಿಲ್ಲ. ಸಾಲಿನಲ್ಲಿದ್ದ ಹೆಂಗಸರು ನನ್ನ ಮುಖ ನೋಡಿಯೇ ಒಳಗೆ ಬಂದರು. ಯಾರನ್ನೂ ನಾನು ಕರೆಯಲಿಲ್ಲ. ನಾಲ್ಕೈದು ಜನ ಸೇರಿ ಅವಳನ್ನು ಎತ್ತಿ ಪಕ್ಕದ ಖಾಲಿ ಕೋಣೆಗೆ ಸಾಗಿಸಿದರು. ನಾನೂ ಅವರ ಹಿಂದೆ ಹೊರಟೆ. ಬಾಗಿಲು ದಾಟುವಷ್ಟರಲ್ಲಿ ಟೇಲರ್ ಕೂಗಿದ.

"ಮೇಡಂ, ನೀವು ಮಷಿನ್ ಬಿಟ್ಟು ಹೊರಗ ಹೋಗಬ್ಯಾಡ್ರಿ. ಹೋಗೂದಿದ್ರ ಮತದಾನ ನಿಲ್ಲಸ್ರಿ."

ಹೊರಗೆ ಗಂಡಸರ ಸಾಲಿನಲ್ಲಿ ಆಗಲೇ ಗದ್ದಲ ಶುರುವಾಗಿತ್ತು. ಬಿಸಿಲಿನಲ್ಲಿ ನಿಂತವರು. ಒಳಗೆ ಏನಾಯಿತೆಂದು ಅವರಿಗೆ ಕಾಣದು, ಸಾಲು ನಿಂತಿದೆ ಎಂಬುದಷ್ಟೇ ಕಾಣುತ್ತದೆ. ಅಷ್ಟು ಬಿಗಿಯಾದ ಊರಿನಲ್ಲಿ ಮತದಾನ ನಿಲ್ಲಿಸಿದರೆ ಏನಾಗಬಹುದೆಂದು ನಾನು ಒಂದು ಕ್ಷಣ ಯೋಚಿಸಿದೆ. ಮಾಸ್ತರನ್ನು ಅವಳ ಜಾಗಕ್ಕೆ, ಶಾಯಿಯ ಮುಂದೆ ಕೂಡಿಸಿದೆ. ಮಾಸ್ತರು ಕೂತಿದ್ದ ಮಷಿನ್ನಿನ ಮುಂದೆ ನಾನು ಕೂತೆ. ಪ್ರತಿ ಮತದಾರನಿಗೂ ನಾನು ಗುಂಡಿ ಒತ್ತಿದರೇ ಅವನ ಮತ ಬೀಳುವುದು. ಈಗ ನಾನು ನಿಜಕ್ಕೂ ಏಳುವಂತಿರಲಿಲ್ಲ.

ಗೋಡೆಯ ಆಚೆ ಅವಳು ನರಳುತ್ತಿದ್ದಳು. ಅದು ಕೇಳುತ್ತಿತ್ತು. ಗುಂಡಿ ಒತ್ತುತ್ತಿದ್ದೆ, ಮಷಿನ್ನು ಕೂಗುತ್ತಿತ್ತು, ಮತ್ತೆ ನರಳಿಕೆ ಕೇಳುತ್ತಿತ್ತು. ಬಾಗಿಲಲ್ಲಿದ್ದ ಪೊಲೀಸಪ್ಪನನ್ನು ಕರೆದು ಒಬ್ಬೊಬ್ಬ ಹೆಂಗಸಿನ ಕೈಲಿ ಸುದ್ದಿ ತರಿಸುತ್ತಿದ್ದೆ. "ರಕ್ತ ನಿಂತಿಲ್ರಿ" ಎಂಬುದೊಂದೇ ಉತ್ತರ.

ಕೂತಲ್ಲಿಂದಲೇ ಆಂಬುಲೆನ್ಸಿಗೆ ಫೋನ್ ಮಾಡಿದೆ. ಹತ್ತಿರದ ಗಾಡಿ ಬೇರೊಂದು ಕಡೆ ಹೋಗಿದೆ, ಅದನ್ನು ಮುಗಿಸಿ ಬರುತ್ತದೆ ಎಂದರು. ಎಷ್ಟು ಹೊತ್ತಾಗುತ್ತದೆಂದು ಕೇಳಿದರೆ ಹೇಳಲಿಲ್ಲ. ನಮ್ಮ ಮೇಲಿನ ಸೆಕ್ಟರ್ ಆಫೀಸರಿಗೆ ಮಾಡಿದೆ. ಅವರು ದೂರದ ಇನ್ನೊಂದು ಮತಗಟ್ಟೆಯಲ್ಲಿ ಕೆಟ್ಟ ಮಷಿನ್ ಬದಲಿಸುತ್ತಿದ್ದರು.

"ನಮ್ಮ ಗಾಡಿ ಕಳಸ್ತೇನ್ರಿ ಮೇಡಂ, ಇಲ್ಲಿ ಮುಗಿಯೂತನ ತಡೀರಿ."

"ತಡಿಯಂಗಿಲ್ರಿ ಸರ್. ಭಾಳ ರಕ್ತ ಹೋಗಾಕತ್ತೈತಿ."

"ಏನರೆ ಮಾಡ್ರಿ, ಆದ್ರ ಪಾರ್ಟಿ ಗಾಡಿ ಮಾತ್ರ ಹತ್ತಸಬ್ಯಾಡ್ರಿ. ಆಮ್ಯಾಲ ನಿಮ್ಮ ನೌಕರಿಗೆ ಬರತೈತಿ." ಲೈನು ಕಟ್ಟಾಯಿತು.

ಅವರು ಹಾಗೆ ಹೇಳಲು ಕಾರಣವಿತ್ತು. ಊರಲ್ಲಿ ಓಡುತ್ತಿದ್ದ ಒಂದೇ ಒಂದು ದೊಡ್ಡ ಕಾರು ರೈತರ ಪಕ್ಷದ್ದು. ಬೆಳಗಿನಿಂದ ತಮ್ಮ ಕಡೆಯ ಮುದುಕರನ್ನು ತಂದು, ಶಾಲೆಯಿಂದ ಆಚೆ, ಸುಣ್ಣದ ಗೆರೆ ಎಳೆದಿದ್ದ ಕಡೆ ಇಳಿಸಿ ಹೋಗುತ್ತಿತ್ತು. ಅದೂ ನಿಯಮದ ಪ್ರಕಾರ ತಪ್ಪೇ. ಅದರ ಮೇಲೂ ಟೇಲರ್ ಬೆಳಿಗ್ಗೆಯೇ ತಕರಾರು ತೆಗೆದಿದ್ದ.

ರೈತರು ನನ್ನ ಫೋನಿನ ಮಾತು ಕೇಳಿಸಿಕೊಂಡು ಎದ್ದು ಬಂದರು. "ನಮ್ಮ ಗಾಡಿ ಹೊರಗ ಐತ್ರಿ. ಗೋಕಾಕದ ದವಾಖಾನಿಗೆ ಲಗೂನ ಮುಟ್ಟಿಸ್ತೇವಿ. ನೀವು ಹೂಂ ಅನ್ರಿ ಅಷ್ಟ."

"ನಾ ಒಪ್ಪಂಗಿಲ್ಲ," ಎಂದ ಟೇಲರ್. ದನಿ ಏರಿಸಲಿಲ್ಲ. "ಚುನಾವಣೆ ಸಿಬ್ಬಂದಿ ಅವರ ಪಾರ್ಟಿ ಗಾಡ್ಯಾಗ ಹೋದ್ರ ನಾಳೆ ಊರಾಗ ಏನ್ ಅಂತಾರ್ರಿ? ಮೇಡಂ ಅವರ ಕಡೆ ಆದ್ರು ಅಂತಾರ. ನಾ ಬರದ ಕೊಡ್ತೇನಿ."

"ನಿಮ್ಮ ಕಡೆ ಗಾಡಿ ಐತೇನ್ರಿ?" ಎಂದು ಕೇಳಿದೆ.

"ಇಲ್ರಿ. ಇದ್ದದ್ದೊಂದು ಊರಾಗಿಲ್ಲ. ಇದ್ದಿದ್ರ ನಾನ ಕೊಡ್ತಿದ್ನಿ, ಖರೇನ."

ಅವನ ಮುಖ ನೋಡಿದೆ. ಸುಳ್ಳು ಹೇಳುತ್ತಿರಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಹೇಳಿದ್ದು ನನಗೆ ತರಬೇತಿಯಲ್ಲಿ ಕಲಿಸಿದ್ದೇ ಆಗಿತ್ತು. ಆಚೆ ಕೋಣೆಯಿಂದ ಒಬ್ಬ ಹೆಂಗಸು ಬಾಗಿಲಿಗೆ ಬಂದು, "ಅಕ್ಕಾರ, ಮಾತಾಡಕೊಂತ ಕುಂದ್ರಬ್ಯಾಡ್ರಿ, ಆಕಿ ಕಣ್ಣ ತೇಲಸಾಕತ್ತಾಳ" ಎಂದಳು.

"ಗಾಡಿ ಮ್ಯಾಲಿನ ಬಾವುಟ ತಗೀರಿ," ಎಂದೆ ರೈತರಿಗೆ. ಟೇಲರ್ ಕಡೆ ತಿರುಗಿ, "ನೀವು ಬರದ ಕೊಡ್ರಿ, ನಾ ತಗೋತೇನಿ. ಆದ್ರ ಆ ಗಾಡ್ಯಾಗ ನಿಮ್ಮ ಕಡೆಯವರೂ ಒಬ್ಬರು ಹೋಗಲಿ. ದಾರ್ಯಾಗ ಏನ್ ಆತು ಅನ್ನೂದು ನಿಮಗೂ ಗೊತ್ತಿರಲಿ" ಎಂದೆ.

ಅವನು ಉತ್ತರಿಸುವ ಮೊದಲೇ ಹೆಂಗಸರ ಸಾಲಿನಿಂದ ಒಂದು ದನಿ ಬಂತು. "ನಾ ಹೋಗ್ತೇನಿ ಆಕಿ ಜೋಡಿ."

ಟೇಲರ್ ಬೆಚ್ಚಿ ನೋಡಿದ. ಅವನ ಹೆಂಡತಿ. ಬಾಗಿಲಿಗೆ ಹತ್ತಿರದಲ್ಲೇ ನಿಂತಿದ್ದಳು, ಇನ್ನು ಇಬ್ಬರಾದರೆ ಅವಳ ಸರದಿ.

"ನಿನ್ನ ಓಟ ಆಗಿಲ್ಲಲಾ?"

"ಬಂದ ಹಾಕ್ತೇನಿ."

"ಹಾಕೇ ಹೋಗ್ರಿ, ಮುಂದ ಬರ್ರಿ" ಎಂದು ನಾನೂ ಕೂಗಿದೆ. ಅವಳು ಆಗಲೇ ಪಕ್ಕದ ಕೋಣೆಯೊಳಗೆ ಹೋಗಿಯಾಗಿತ್ತು.

ಹತ್ತಿರದ ಮನೆಯಿಂದ ಯಾರೋ ಕೌದಿ ತಂದರು. ಅವಳನ್ನು ಕೌದಿಯಲ್ಲಿ ಮಲಗಿಸಿ ನಾಲ್ಕೂ ಮೂಲೆ ಹಿಡಿದು ಎತ್ತಿಕೊಂಡರು. ಗಂಡಸರ ಸಾಲಿನ ಎದುರಿಗೇ ಹೋಗಬೇಕಿದ್ದರಿಂದ ಇಬ್ಬರು ಹೆಂಗಸರು ಒಂದು ಸೀರೆಯನ್ನು ಪರದೆಯಂತೆ ಅಡ್ಡ ಹಿಡಿದರು. ಕಿಟಕಿಯಿಂದ ನನಗೆ ಆ ಸೀರೆ ಸಾಗಿಹೋಗುವುದಷ್ಟೇ ಕಂಡಿತು. ಪೊಲೀಸಪ್ಪ ಕಾರಿನ ಬಾವುಟ ಕಿತ್ತ. ಹಿಂದಿನ ಗಾಜಿಗೆ ಅಂಟಿಸಿದ್ದ ಅಭ್ಯರ್ಥಿಯ ಫೋಟೋ ಮಾತ್ರ ಕೀಳಲು ಬರಲಿಲ್ಲ, ಹಾಗೇ ಉಳಿಯಿತು. ಕಾರು ಧೂಳೆಬ್ಬಿಸಿಕೊಂಡು ಮಸಗುಪ್ಪಿಯ ಕಡೆ ಹೋಯಿತು.

ಟೇಲರ್ ತನ್ನ ಜಾಗಕ್ಕೆ ಹೋಗಿ ಕೂತು, ಒಂದು ಹಾಳೆ ಕೇಳಿ ಇಸಿದುಕೊಂಡು ಬರೆಯಲು ಶುರು ಮಾಡಿದ. ರೈತರು ಅವನನ್ನು ನೋಡಿ, "ನಿನಗ ಮನಷ್ಯಾತನ ಇಲ್ಲೇನೋ?" ಎಂದರು. ಅದು ಆ ದಿನ ಅವರು ಅವನಿಗೆ ನೇರವಾಗಿ ಹೇಳಿದ ಮೊದಲ ಮಾತು. ಅವನು ಬರೆಯುತ್ತಲೇ ಹೋದ.

ಮತದಾನ ನಡೆಯುತ್ತಲೇ ಇತ್ತು. ಗುಮಾಸ್ತರು ಹೆಸರು ಓದುತ್ತಿದ್ದರು, ಮಾಸ್ತರು ಶಾಯಿ ಹಚ್ಚುತ್ತಿದ್ದರು. ಯಾರೋ ಬಕೆಟ್ಟಿನಲ್ಲಿ ನೀರು ತಂದು ನೆಲ ತೊಳೆದು ಹೋದರು. ಆ ಕುರ್ಚಿಯನ್ನು ಹೊರಗೆ ಹಾಕಿದರು. ನನ್ನ ಕಣ್ಣು ಫೋನಿನ ಮೇಲೆ. ಟೇಲರನ ಹೆಂಡತಿಯ ಹತ್ತಿರ ಫೋನ್ ಇರಲಿಲ್ಲ, ಟೀಚರಳ ಫೋನು ಅವಳ ಜೊತೆ ಹೋದ ಬ್ಯಾಗಿನಲ್ಲಿತ್ತು, ನಾನು ಮಾಡಿದರೆ ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ.

ಕೊಂಚ ಹೊತ್ತಿನ ಮೇಲೆ ಹೊರಗಿನ ಸದ್ದು ಬದಲಾಯಿತು. ಸಾಲಿನಲ್ಲಿ ನಿಂತವರ ಗೊಣಗಾಟ ಅಲ್ಲ ಅದು. ಮೋಟಾರ್ ಸೈಕಲ್ಲುಗಳು ಬಂದು ನಿಲ್ಲುವ ಸದ್ದು. ಪೊಲೀಸಪ್ಪ ಒಳಗೆ ಬಂದು ನನ್ನ ಕಿವಿಯ ಹತ್ತಿರ ಬಾಗಿ, "ಮೇಡಂ, ಬ್ಯಾರೆ ಊರಿನ ಹುಡುಗರು ಬಂದಾರ್ರಿ. ಮೊಬೈಲಿನ್ಯಾಗ ಏನೋ ಬಂದೈತಿ" ಎಂದ.

ಏನು ಬಂದಿತ್ತೆಂದು ಅವರೇ ಕೂಗಿ ಹೇಳಿದರು. ದೂರದಿಂದ ಯಾರೋ ವಿಡಿಯೋ ತೆಗೆದಿದ್ದ. ಅದರಲ್ಲಿ ಕಾಣುತ್ತಿದ್ದುದು: ಮತಗಟ್ಟೆಯ ಕಡೆಯಿಂದ ಸೀರೆ ಅಡ್ಡ ಹಿಡಿದುಕೊಂಡು ಬರುವ ಹೆಂಗಸರು, ಕೌದಿಯಲ್ಲಿ ಸುತ್ತಿದ ಏನೋ ಭಾರದ್ದು, ಅಭ್ಯರ್ಥಿಯ ಫೋಟೋ ಇರುವ ಕಾರು, ಬಾವುಟ ಕೀಳುತ್ತಿರುವ ಪೊಲೀಸ. ಅದರ ಕೆಳಗೆ ಯಾರೋ ಬರೆದಿದ್ದರು, ಮಷಿನ್ನನ್ನೇ ಕಾರಿನಲ್ಲಿ ಸಾಗಿಸಿದ್ದಾರೆ ಎಂದು. ವಿಡಿಯೋ ಆ ಹೊತ್ತಿಗೆ ಸುತ್ತಲಿನ ಹಳ್ಳಿಗಳನ್ನೆಲ್ಲ ಸುತ್ತಿಯಾಗಿತ್ತು.

"ಮಷಿನ್ ಎಲ್ಲೈತಿ? ಮೇಡಂನ ಹೊರಗ ಕಳಸ್ರಿ!"

ಗೇಟಿನ ಹತ್ತಿರ ಗುಂಪು ಬೆಳೆಯುತ್ತ ಹೋಯಿತು. ಇಬ್ಬರು ಮೂವರು ಗೇಟು ಹಾರಿದರು. ಸಾಲಿನಲ್ಲಿದ್ದ ಹೆಂಗಸರು ಹೆದರಿ ವರಾಂಡದ ಗೋಡೆಗೆ ಒತ್ತಿಕೊಂಡರು. ಪೊಲೀಸಪ್ಪ ಒಬ್ಬನೇ, ಅವನ ಕೈಯಲ್ಲಿ ಲಾಠಿ. ಅವನು ಹೆಚ್ಚಿನ ಪೊಲೀಸರಿಗಾಗಿ ಫೋನು ಹಚ್ಚುತ್ತಿದ್ದ. ಒಂದು ಕಲ್ಲು ಬಂದು ಕಿಟಕಿಯ ಕಬ್ಬಿಣದ ಸರಳಿಗೆ ಬಡಿದು ಹೊರಗೇ ಬಿತ್ತು. ಮಾಸ್ತರು ಶಾಯಿ ಬಿಟ್ಟು ಎದ್ದುಬಂದು ನನ್ನ ಮುಂದಿನ ಮಷಿನ್ನಿನ ಮೇಲೆ ಎರಡೂ ಕೈ ಇಟ್ಟು ಅದನ್ನು ಮುಚ್ಚಿಕೊಂಡರು. ನಾನು ಹೊರಗೆ ಹೋಗಿ ಏನು ಹೇಳಿದರೂ ಅವರು ನಂಬುವುದಿಲ್ಲ. ರೈತರು ಹೋದರಂತೂ ಹೊಡೆತವೇ.

ಟೇಲರ್ ಬರೆಯುತ್ತಿದ್ದ ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡ. ಎದ್ದ. ಕೂಗುತ್ತಿದ್ದವರು ಅವನ ಪಕ್ಷದವರೇ.

"ಬ್ಯಾಡ್ರಿ," ಎಂದರು ಗುಮಾಸ್ತರು, "ಕಲ್ಲು ಬರಾಕತ್ತಾವ."

ಅವನು ಹೊಸ್ತಿಲ ಮೇಲೆ ನಿಂತ. ನನಗೆ ಅವನ ಬೆನ್ನು ಕಾಣುತ್ತಿತ್ತು. ಮೊದಲ ಮಾತುಗಳು ಗದ್ದಲದಲ್ಲಿ ಹೋದವು. ಆಮೇಲೆ ಕೇಳಿಸಿತು.

"ಮಷಿನ್ ನನ್ನ ಕಣ್ಣ ಮುಂದ ಐತಿ! ಮುಂಜಾನಿಂದ ನಾ ಇಲ್ಲಿಂದ ಎದ್ದಿಲ್ಲ. ನಿಮ್ಮ ಏಜೆಂಟ್ ನಾನೋ ಆ ಮೊಬೈಲೋ?"

"ಕಾರಿನ್ಯಾಗ ಏನ್ ಹೋತು ಹಂಗಾದ್ರ?"

"ಬಸರ ಹೆಣ್ಣಮಗಳು ಹೋದಳು. ರಕ್ತ ಹೋಗಾಕತ್ತಿತ್ತು. ನನ್ನ ಹೆಂಡತಿನೂ ಅದರಾಗ ಹೋಗ್ಯಾಳ. ಮಷಿನ್ ಕದಿಯಾಕ ನನ್ನ ಹೆಂಡತಿನ್ನ ಕಳಸ್ತೇನೇನ?"

"ನೀನೂ ಮಾರಕೊಂಡಿ!" ಎಂದು ಯಾರೋ ಕೂಗಿದರು. ವರಾಂಡದಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ತಾವು ಎತ್ತಿದ್ದು, ತಮ್ಮ ಸೀರೆ, ತಮ್ಮ ಕೌದಿ ಎಂದು. ತಮ್ಮ ಸೀರೆಗೆ ಹತ್ತಿದ ರಕ್ತ ತೋರಿಸಿದರು. ಗೇಟು ಹಾರಿದ್ದ ಒಬ್ಬ ಹುಡುಗ ಅದನ್ನು ನೋಡಿ ಹಿಂದೆ ಸರಿದ. ನಾನು ಒಳಗಿನಿಂದ, ನೀವು ಇಬ್ಬರು ಬಂದು ಬಾಗಿಲಲ್ಲಿ ನಿಂತು ಮಷಿನ್ ಇರುವುದನ್ನು ನೋಡಿ ಹೋಗಿ ಎಂದು ಹೇಳಿಕಳಿಸಿದೆ. ಇಬ್ಬರು ಬಂದರು, ನೋಡಿದರು, ಒಬ್ಬ ನನ್ನ ಮುಖವನ್ನೂ ನೋಡಿ ತಲೆ ತಗ್ಗಿಸಿಕೊಂಡು ಹೋದ. ಪೊಲೀಸ್ ಜೀಪು ಬರುವ ಹೊತ್ತಿಗೆ ಗುಂಪು ಕರಗುತ್ತಿತ್ತು.

ಟೇಲರ್ ಒಳಗೆ ಬಂದು ಮತ್ತೆ ಪೆನ್ನು ತೆಗೆದ.

"ಇನ್ನೂ ಬರೀತೀರೇನ್ರಿ?" ಎಂದು ನಾನೇ ಕೇಳಿಬಿಟ್ಟೆ.

"ಹೌದ್ರಿ. ಅದು ಬ್ಯಾರೆ, ಇದು ಬ್ಯಾರೆ," ಎಂದ. "ಗಾಡಿ ಅವರದು ಹೌದಲ್ರಿ? ಹೌದಂದ ಮ್ಯಾಲ ಬರೀಬೇಕು."

ಬರೆದು ಕೊಟ್ಟ. ಓದಿದೆ. ಒಂದು ಅಕ್ಷರವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ತೆಗೆದುಕೊಂಡೆ.

ಮತದಾನ ಮುಗಿಯುವುದು ಸಂಜೆ ಆರು ಗಂಟೆಗೆ. ಆ ಹೊತ್ತಿಗೆ ಸಾಲಿನಲ್ಲಿ ಇರುವವರಿಗೆ ಮಾತ್ರ ಮತ, ಆಮೇಲೆ ಬಂದವರಿಗೆ ಇಲ್ಲ. ಬಿಸಿಲು ಇಳಿಯುತ್ತಿದ್ದಂತೆ ಟೇಲರನ ನೋಟ ಮತ್ತೆ ಮತ್ತೆ ಗೇಟಿನ ಕಡೆ ಹೋಗುತ್ತಿತ್ತು. ನನ್ನದೂ ಅಷ್ಟೇ. ಪೊಲೀಸಪ್ಪ ಗೇಟು ಮುಚ್ಚಲು ಹೋದಾಗ ಅವನು ಅರ್ಧ ಎದ್ದು, ಮತ್ತೆ ಕೂತ. ಅವಳು ಬರಲಿಲ್ಲ. ಸಾಲಿನ ಕೊನೆಯವನು ಮತ ಹಾಕಿ ಹೋದ. ನಾನು ಮಷಿನ್ನಿನ ಮುಕ್ತಾಯದ ಗುಂಡಿ ಒತ್ತಿದೆ.

ಅರಗು ಕರಗಿಸಿ ಮೊಹರು ಹಾಕುತ್ತಿರುವಾಗ ಅದೇ ಕಾರು ಬಂತು. ಅವಳು ಇಳಿದು ನೇರ ಬಾಗಿಲಿಗೆ ಬಂದಳು. ಗಂಡನ ಕಡೆ ನೋಡದೆ ನನಗೆ ಹೇಳಿದಳು.

"ಹೊಟ್ಟಿ ಕೊಯ್ದ ತಗದಾರ್ರಿ. ಹೆಣ್ಣು. ಇಷ್ಟ ಐತಿ, ಮುಷ್ಟಿಯಷ್ಟ. ಗ್ಲಾಸಿನ ಪೆಟ್ಟಿಗ್ಯಾಗ ಇಟ್ಟಾರ. ಉಳೀತೈತೋ ಇಲ್ಲೋ ಹೇಳಂಗಿಲ್ಲ ಅಂದ್ರು. ಟೀಚರ್ ಅದಾಳ, ಕಣ್ಣ ಬಿಟ್ಟಾಳ. ಆಕಿ ಮನಿ ಮಂದಿ ಬರೂತನ ನಾ ಬಿಟ್ಟ ಬರಲಿಲ್ರಿ."

ನಾನು ಕೂತಲ್ಲಿಯೇ ಅತ್ತುಬಿಟ್ಟೆ. ಅರಗು ಕರಗಿಸುತ್ತಿದ್ದ ಮೇಣಬತ್ತಿ ಕೈಯಲ್ಲಿತ್ತು, ಗುಮಾಸ್ತರು ಅದನ್ನು ಇಸಿದುಕೊಂಡರು. ರೈತರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. ಟೇಲರ್ ಹೆಂಡತಿಗೆ, "ಏನರೆ ತಿಂದಿಯೇನ?" ಎಂದು ಕೇಳಿದ. ಇಲ್ಲವೆಂದಳು. ಇಬ್ಬರೂ ಕತ್ತಲಾಗುವ ಮುಂಚೆ ಮನೆಗೆ ಹೋದರು.

ಫಲಿತಾಂಶದ ದಿನ ರೈತರ ಪಕ್ಷ ಆ ಕ್ಷೇತ್ರದಲ್ಲಿ ಗೆದ್ದಿತು. ಸೋತವರು ಆ ವಿಡಿಯೋವನ್ನು ಮತ್ತೆ ಎತ್ತಿದರು. ನನಗೆ ನೋಟಿಸು ಬಂತು. ಬೆಳಗಾವಿಗೆ ವಿಚಾರಣೆಗೆ ಕರೆದರು. ಹೋಗುವ ಹಿಂದಿನ ದಿನಗಳಲ್ಲಿ ನನ್ನ ಮನೆಯವರು ಊಟದ ತಟ್ಟೆಯ ಮುಂದೆ ಕೂತು, "ಆಂಬುಲೆನ್ಸಿಗೆ ಕಾಯಬೇಕಿತ್ತು" ಎಂದು ಒಮ್ಮೆ, "ನೀ ಮಾಡಿದ್ದ ಬರೋಬರಿ" ಎಂದು ಇನ್ನೊಮ್ಮೆ ಹೇಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನಾನು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು. ಇಂಕ್ರಿಮೆಂಟ್ ನಿಲ್ಲುತ್ತದೆ, ಸಸ್ಪೆಂಡ್ ಆಗುತ್ತಾರೆ ಎಂಬ ಮಾತು ನನ್ನ ಕಿವಿಗೂ ಬಿತ್ತು. ಆ ದಿನಗಳಲ್ಲಿ ಕೊಣ್ಣೂರಿನ ಮಗು ಇನ್ನೂ ಆಸ್ಪತ್ರೆಯಲ್ಲೇ ಇತ್ತು. ಒಂದು ವಾರ ಚೆನ್ನಾಗಿದೆ ಎನ್ನುತ್ತಿದ್ದರು, ಇನ್ನೊಂದು ವಾರ ಉಸಿರಾಟದ ಯಂತ್ರಕ್ಕೆ ಹಾಕಿದ್ದಾರೆ ಎನ್ನುತ್ತಿದ್ದರು. ಅವಳ ಗಂಡನ ಫೋನ್ ಬಂದರೆ ಎತ್ತಲು ಹೆದರುತ್ತಿದ್ದೆ.

ವಿಚಾರಣೆಗೆ ಟೇಲರನನ್ನೂ ಕರೆದಿದ್ದರು. ಹೊರಗಿನ ಬೆಂಚಿನ ಮೇಲೆ ಇಬ್ಬರೂ ಅಕ್ಕಪಕ್ಕ ಕೂತಿದ್ದೆವು. ಮಾತಾಡಲಿಲ್ಲ. ಮಾತಾಡಿದರೆ ಮೊದಲೇ ಒಂದಾಗಿ ಬಂದಂತೆ ಕಾಣುತ್ತದೆಂದು ಅವನೂ ಯೋಚಿಸಿರಬೇಕು. ಒಳಗೆ ಅವನನ್ನು ನನ್ನ ಎದುರಿಗೇ ಕೇಳಿದರು: ಆಕ್ಷೇಪಣೆ ನಿಮ್ಮದೇ ಹೌದೇ?

"ನಂದ್ರಿ. ಅದನ್ನ ವಾಪಸ್ ತಗೊಳ್ಳಂಗಿಲ್ಲ," ಎಂದ. "ಆದ್ರ ಇನ್ನೊಂದ ಮಾತು ಬರಕೊಳ್ರಿ. ಅಲ್ಲಿ ಬ್ಯಾರೆ ಗಾಡಿ ಇರಲಿಲ್ಲ. ಮೇಡಂ ಬಾವುಟ ತಗಿಸಿದ್ರು, ನಮ್ಮ ಕಡೆಯವರನ್ನ ಕೂಡಿಸಿ ಕಳಸಿದ್ರು. ಮಷಿನ್ ಬಿಟ್ಟ ಎದ್ದಿಲ್ಲ. ಅವರ ಜಾಗಾದಾಗ ನಾ ಇದ್ದಿದ್ರ ಅಷ್ಟ ಶಾಣ್ಯಾತನ ನನಗ ಬರ್ತಿರಲಿಲ್ಲ."

ಅಧಿಕಾರಿ ಬರೆದುಕೊಂಡರು. ಬದಲಿ ಸಿಬ್ಬಂದಿ ಯಾಕೆ ಬರಲಿಲ್ಲ ಎಂದು ಯಾರಾದರೂ ಕೇಳಬಹುದೆಂದು ನಾನು ಕಾದೆ. ಯಾರೂ ಕೇಳಲಿಲ್ಲ. ಕೊನೆಗೆ ನಾನೇ ಹೇಳಿದೆ. ಅದನ್ನೂ ಬರೆದುಕೊಂಡರೋ ಇಲ್ಲವೋ, ಪೆನ್ನು ಆಡಿದ್ದು ಕಾಣಲಿಲ್ಲ. ಕೆಲವು ವಾರಗಳ ನಂತರ ಎಚ್ಚರಿಕೆ ಕೊಟ್ಟು ಪ್ರಕರಣ ಮುಗಿಸಿದ್ದೇವೆ ಎಂದು ಆದೇಶ ಬಂತು. ಸಮಾಧಾನವಾಯಿತು. ಜೊತೆಗೆ ಸಿಟ್ಟೂ ಬಂತು. ಯಾವುದಕ್ಕೆ ಎಚ್ಚರಿಕೆ ಎಂದು ಈಗಲೂ ನನಗೆ ಪೂರ್ತಿ ತಿಳಿದಿಲ್ಲ.

ಮಗು ಉಳಿಯಿತು. ಮಳೆಗಾಲ ಕಳೆದ ಮೇಲೆ ಕೊಣ್ಣೂರಿನಲ್ಲಿ ತೊಟ್ಟಿಲು ಕಟ್ಟಿದರು. ನಾನು ಹುಕ್ಕೇರಿಯಿಂದ ಹೋದೆ. ಟೇಲರ್ ಮತ್ತು ಅವನ ಹೆಂಡತಿಯೂ ಬಂದಿದ್ದರು. ಮಗುವಿಗೆ ತೆಳು ಬಟ್ಟೆಯ ಅಂಗಿಗಳನ್ನು ಹೊಲಿದು ತಂದಿದ್ದರು. ಅವು ಇನ್ನೂ ದೊಡ್ಡವಾಗಿ, ಮಗು ಅವುಗಳೊಳಗೆ ಕಳೆದೇ ಹೋಗುತ್ತಿತ್ತು. ಅವನು ಆಮೇಲೆ ತನ್ನ ಪಕ್ಷದ ಏಜೆಂಟನಾಗಲಿಲ್ಲ. ಅವರು ಕರೆಯಲಿಲ್ಲ ಎಂದು ಹೆಂಡತಿ ಹೇಳಿದಳು. ಹೊಲಿಯಲು ಬಟ್ಟೆ ತರುತ್ತಿದ್ದ ಕೆಲವರೂ ಅಂಗಡಿ ಬದಲಿಸಿದ್ದರಂತೆ. ರೈತರು ಮಾತ್ರ ಬಿಳಿ ಅಂಗಿಯ ಬಟ್ಟೆ ಹಿಡಿದುಕೊಂಡು ಮೊದಲಿನಂತೆಯೇ ಬರುತ್ತಿದ್ದಾರೆ.

"ನಿಮ್ಮ ಓಟ ಹೋತಲ್ಲವ್ವಾ ಅವತ್ತು," ಎಂದೆ ಅವಳಿಗೆ.

"ಹೋತ್ರಿ," ಎಂದು ಅವಳು ನಕ್ಕಳು. "ಇವರು ಇನ್ನೂ ಅಂತಾರ, ಎರಡು ನಿಮಿಷ ನಿಂತಿದ್ರ ಹಾಕೇ ಹೋಗಬಹುದಿತ್ತು ಅಂತ. ಎರಡು ನಿಮಿಷ ಅಂತ ಆ ಹೊತ್ತಿನ್ಯಾಗ ಯಾರಿಗೆ ಗೊತ್ತಿತ್ರಿ?"

ಕೊಣ್ಣೂರಿನ ಟೀಚರ್ ಮಗುವನ್ನು ನನ್ನ ತೊಡೆಯ ಮೇಲೆ ಹಾಕಿದಳು. ಬಿಸಿಯಾಗಿತ್ತು, ಹಗುರವಾಗಿತ್ತು, ಮುಖ ಸಿಂಡರಿಸಿಕೊಂಡಿತ್ತು. ಹೊರಗಿನ ಕಟ್ಟೆಯ ಮೇಲೆ ಅವಳ ಮಾವನವರೂ ಟೇಲರನೂ ಕೂತಿದ್ದರು. ಮಾವನವರು ಗೆದ್ದ ಪಕ್ಷದವರು. ಮುಂದಿನ ಚುನಾವಣೆಯಲ್ಲಿ ಏನಾಗುತ್ತದೆಂದು ಇಬ್ಬರೂ ಜೋರು ಜೋರಾಗಿ ವಾದ ಮಾಡುತ್ತಿದ್ದರು. "ಕೂಸು ಎಚ್ಚರಾಗತೈತಿ, ಸಾವಕಾಶ ಮಾತಾಡ್ರಿ" ಎಂದು ಅತ್ತೆ ಅಡುಗೆಮನೆಯಿಂದಲೇ ಗದರಿದರು. ಆಮೇಲೆ ಟೇಲರ್, "ಅಲ್ರೀ ಕಾಕಾ, ನಾ ಏನಂತೇನಿ ಅಂದ್ರ..." ಎಂದು ಸಣ್ಣ ದನಿಯಲ್ಲಿ ಮತ್ತೆ ಶುರು ಮಾಡಿದ.